ಸಮುದಾಯ ಕ್ಲಿನಿಕ್‌ನಲ್ಲಿ ರಕ್ತದ ಸ್ಯಾಂಪಲ್ ತೆಗೆಯುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಆರೋಗ್ಯ ಸಹಾಯಕರಾಗಿ ಹೊಸದಾಗಿ ಸೇರಿದವರು, ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಎಲ್ಲರ ಗಮನವೂ ಸೂಜಿಯ ಮೇಲೆ. ಆದರೆ ಚುಚ್ಚುವುದು ಅರ್ಧ ನಿಮಿಷದ ಕೆಲಸ. ಲ್ಯಾಬ್ ರಿಪೋರ್ಟುಗಳಲ್ಲಿ ಆಗುವ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟುವುದು ಸ್ಯಾಂಪಲ್ ಯಂತ್ರದೊಳಗೆ ಹೋಗುವ ಮುಂಚೆಯೇ, ಅಂದರೆ ನಮ್ಮ ಕೈಯಲ್ಲಿದ್ದಾಗ. ಹಾಗಾಗಿ ಉತ್ತರಗಳು ಸೂಜಿಯ ಹಿಂದೆ ಮುಂದೆಯೇ ಜಾಸ್ತಿ ಸುತ್ತುತ್ತವೆ. ನಿಮ್ಮ ಕ್ಲಿನಿಕ್‌ನ ಲಿಖಿತ ನಿಯಮ ಇಲ್ಲಿ ಹೇಳಿರುವುದಕ್ಕಿಂತ ಬೇರೆಯಾಗಿದ್ದರೆ ನಿಯಮವನ್ನೇ ಪಾಲಿಸಿ.

ಇಡೀ ದಿನ ಬರೀ ರಕ್ತ ತೆಗೆಯುವುದೇ?

ಬೆಳಗಿನ ಹೊತ್ತು ಹೆಚ್ಚುಕಡಿಮೆ ಹಾಗೇ. ಖಾಲಿ ಹೊಟ್ಟೆಯಲ್ಲಿ ಬಂದವರು, ಕೆಲಸಕ್ಕೆ ಹೋಗುವ ಮುಂಚೆ ಕೊಟ್ಟು ಹೋಗಬೇಕೆನ್ನುವವರು ಬಾಗಿಲು ತೆಗೆಯುವ ಮೊದಲೇ ಬಂದು ಕೂತಿರುತ್ತಾರೆ. ಆ ನೂಕುನುಗ್ಗಲು ಇಳಿದ ಮೇಲೆ ಬಿಪಿ, ತೂಕ ನೋಡುವುದು, ಮೂತ್ರದ ಸ್ಯಾಂಪಲ್ ಪಡೆಯುವುದು, ಕೆಲವು ಕಡೆ ಇಸಿಜಿ ತೆಗೆಯುವುದು, ಟ್ಯೂಬ್‌ಗಳ ಅವಧಿ ಮುಗಿದಿದೆಯೇ ನೋಡಿ ಟ್ರಾಲಿ ತುಂಬಿಸುವುದು, ಸ್ಯಾಂಪಲ್ ಒಯ್ಯುವವರು ಬರುವಷ್ಟರಲ್ಲಿ ಎಲ್ಲವನ್ನೂ ಪ್ಯಾಕ್ ಮಾಡಿಡುವುದು. ಹಾಸಿಗೆ ಹಿಡಿದವರ ಮನೆಗೇ ಹೋಗಿ ತೆಗೆಯಬೇಕಾಗುವುದೂ ಉಂಟು. ಅದು ಬೇರೆಯದೇ ಅನುಭವ. ಬೆಳಕು ಸಾಲದ ಕೋಣೆ, ತಗ್ಗಿನ ಮಂಚ, ಸಾಮಾನು ಇಡಲು ಜಾಗವಿಲ್ಲ. ಚುಚ್ಚುವ ಮೊದಲೇ ಬಳಸಿದ ಸೂಜಿ ಹಾಕುವ ಡಬ್ಬಿಯನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಅಲ್ಲಿ ನಿಮ್ಮನ್ನು ಕಾಪಾಡುತ್ತದೆ.

ನರ್ಸಿಂಗ್ ಓದಿರಲೇಬೇಕೇ?

ಸಹಾಯಕರ ಹುದ್ದೆಗೆ ಸಾಮಾನ್ಯವಾಗಿ ಬೇಕಿಲ್ಲ. ಆದರೆ ತರಬೇತಿ ಇಲ್ಲದೆ ಯಾರೂ ಸೂಜಿ ಹಿಡಿಯುವಂತಿಲ್ಲ. ಮೊದಲು ಪಾಠ, ಆಮೇಲೆ ಪ್ಲಾಸ್ಟಿಕ್ ತೋಳಿನ ಮೇಲೆ ಅಭ್ಯಾಸ, ಆಮೇಲೆ ಅನುಭವಿಗಳು ಪಕ್ಕದಲ್ಲಿ ನಿಂತು ನೋಡುತ್ತಿರುವಾಗ ನಿಜವಾದ ಜನರ ಮೇಲೆ. ಅವರು ‘ಈಗ ಒಬ್ಬರೇ ಮಾಡಬಹುದು’ ಎಂದು ಸಹಿ ಹಾಕಿದ ಮೇಲಷ್ಟೇ ನೀವು ಸ್ವತಂತ್ರರು. ಪ್ಲಾಸ್ಟಿಕ್ ತೋಳು ಕೈ ಎಳೆದುಕೊಳ್ಳುವುದಿಲ್ಲ, ಬೆವರುವುದಿಲ್ಲ, ‘ನೀವು ಹೊಸಬರಾ?’ ಎಂದೂ ಕೇಳುವುದಿಲ್ಲ. ಆದ್ದರಿಂದ ಮೂರನೆಯ ಹಂತಕ್ಕೆ ಸಾಕಷ್ಟು ಸಮಯ ಕೇಳಿ ಪಡೆದುಕೊಳ್ಳಿ, ನಾಚಿಕೊಳ್ಳಬೇಡಿ.

ರೋಗಿ ಕುರ್ಚಿಯಲ್ಲಿ ಕೂತ ಮೇಲೆ ಮೊದಲು ಮಾಡಬೇಕಾದ್ದು ಏನು?

ಹೆಸರು ಕೇಳುವುದು. ನಾವೇ ಹೇಳುವುದಲ್ಲ, ಕೇಳುವುದು.

ಕಾಯುವ ಕೋಣೆಯ ಬಾಗಿಲಲ್ಲಿ ನಿಂತು ಒಂದು ಹೆಸರು ಕೂಗಿ ನೋಡಿ. ಕಿವಿ ಮಂದವಾದ ಅಜ್ಜ ಯಾವ ಹೆಸರಿಗಾದರೂ ‘ಹೂಂ’ ಎಂದು ಎದ್ದು ಬರುತ್ತಾರೆ. ತುಂಬ ಹೊತ್ತು ಕಾದವರಿಗೆ ಪ್ರತಿ ಹೆಸರೂ ತಮ್ಮದೇ ಎಂದು ಕೇಳಿಸುತ್ತದೆ. ಒಳಗೆ ಕೂರಿಸಿ ‘ನೀವು ಇಂಥವರೇ ಅಲ್ವಾ?’ ಎಂದರೆ ಮತ್ತೆ ‘ಹೂಂ’. ಅದಕ್ಕೇ ಪ್ರಶ್ನೆ ಹೀಗಿರಬೇಕು: ‘ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ದಿನಾಂಕ ಹೇಳಿ.’ ಅವರು ಹೇಳಿದ್ದನ್ನು ಫಾರಂ ಜೊತೆ ತಾಳೆ ನೋಡಿ. ಕನಿಷ್ಠ ಎರಡು ಗುರುತು ಹೊಂದಬೇಕು. ಕೋಣೆಯ ನಂಬರು, ಕೂತ ಕುರ್ಚಿ ಇವೆಲ್ಲ ಗುರುತಲ್ಲ. ಮರೆವಿನ ಕಾಯಿಲೆ ಇದ್ದವರು, ಭಾಷೆ ಬಾರದವರು ಬಂದರೆ ಜೊತೆಗಿದ್ದವರಿಂದಲೋ ಗುರುತಿನ ಪತ್ರದಿಂದಲೋ ಖಚಿತಪಡಿಸಿಕೊಳ್ಳಿ.

ಪ್ರತಿ ತಿಂಗಳೂ ಬರುವ, ಮುಖಪರಿಚಯ ಚೆನ್ನಾಗಿರುವ ರೋಗಿಗೂ ಇದೇ ಪ್ರಶ್ನೆ. ಅವರು ನಗುತ್ತಾರೆ, ಕೆಲವರು ಮುನಿಸಿಕೊಳ್ಳುತ್ತಾರೆ. ಕೇಳಿ, ಪರವಾಗಿಲ್ಲ.

ಜನ ಜಾಸ್ತಿ ಇರುವ ದಿನ ಟ್ಯೂಬ್‌ಗಳಿಗೆ ಮೊದಲೇ ಲೇಬಲ್ ಅಂಟಿಸಿಟ್ಟುಕೊಳ್ಳಬಹುದೇ?

ಬೇಡ. ರಕ್ತ ತುಂಬಿದ ಮೇಲೆ, ರೋಗಿ ಇನ್ನೂ ಎದುರಿಗೆ ಕೂತಿರುವಾಗಲೇ ಅಂಟಿಸಿ. ಮೊದಲೇ ಅಂಟಿಸಿದ ಟ್ಯೂಬ್ ಬಳಸದೆ ಉಳಿದರೆ ಟ್ರಾಲಿಯಲ್ಲಿ ಬಿದ್ದಿದ್ದು ಮುಂದಿನವರ ರಕ್ತಕ್ಕೆ ಹಿಂದಿನವರ ಹೆಸರಾಗುತ್ತದೆ. ‘ಆಮೇಲೆ ಒಟ್ಟಿಗೆ ಅಂಟಿಸೋಣ’ ಎಂದು ಪಕ್ಕಕ್ಕಿಡುವುದೂ ಅಷ್ಟೇ ಅಪಾಯ. ರಕ್ತದ ಗುಂಪು ನೋಡುವ ಸ್ಯಾಂಪಲ್ ಹೀಗೆ ಅದಲುಬದಲಾದರೆ ಪ್ರಾಣಕ್ಕೇ ಸಂಚಕಾರ, ಏಕೆಂದರೆ ಟ್ಯೂಬ್ ಒಳಗಿನ ರಕ್ತ ಯಾರದೆಂದು ಲ್ಯಾಬಿಗೆ ಗೊತ್ತಾಗುವುದು ಲೇಬಲ್‌ನಿಂದಲೇ. ತೆಗೆದ ಸಮಯವನ್ನೂ ಬರೆಯಿರಿ. ಕೆಲವು ಪರೀಕ್ಷೆಗಳಿಗೆ ಸಮಯವಿಲ್ಲದಿದ್ದರೆ ಅಂಕಿಗೆ ಅರ್ಥವೇ ಇಲ್ಲ.

ಯಾವ ಪರೀಕ್ಷೆಗಳಿಗೆ ಸಮಯ ಮುಖ್ಯ?

ಕಾರ್ಟಿಸಾಲ್, ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನ್ ಎರಡೂ ಬೆಳಗ್ಗೆ ಹೆಚ್ಚು, ಸಂಜೆ ಕಡಿಮೆ. ಮಾನಸಿಕ ಕಾಯಿಲೆಗೆ ಲಿಥಿಯಂ ಮಾತ್ರೆ ತಿನ್ನುವವರ ರಕ್ತವನ್ನು ಕೊನೆಯ ಡೋಸ್ ಆಗಿ 12 ಗಂಟೆಗೆ ತೆಗೆಯಬೇಕು. ಹೃದಯದ ಔಷಧಿ ಡಿಗಾಕ್ಸಿನ್ ಆದರೆ ಕನಿಷ್ಠ 6 ಗಂಟೆ ಕಳೆದಿರಬೇಕು. ‘ಬೆಳಗ್ಗೆ ಮಾತ್ರೆ ತಗೊಂಡ್ರಾ? ಎಷ್ಟು ಹೊತ್ತಿಗೆ?’ ಎಂದು ಕೇಳಿ, ಉತ್ತರವನ್ನು ಫಾರಂ ಮೇಲೆ ಬರೆದುಬಿಡಿ. ಕೂದಲು, ಉಗುರಿಗೆಂದು ತಿನ್ನುವ ಬಯೋಟಿನ್ ಮಾತ್ರೆ ಕೂಡ ಕೆಲವು ಥೈರಾಯ್ಡ್ ಮತ್ತು ಹಾರ್ಮೋನ್ ಪರೀಕ್ಷೆಗಳ ದಾರಿ ತಪ್ಪಿಸುತ್ತದೆ. ಅದನ್ನು ಔಷಧಿ ಎಂದು ಯಾರೂ ಲೆಕ್ಕಕ್ಕೆ ಇಟ್ಟಿರುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ.

‘ಖಾಲಿ ಹೊಟ್ಟೆ’ ಅಂದರೆ ನೀರೂ ಕುಡಿಯಬಾರದೇ?

ನೀರು ಕುಡಿಯಬಹುದು, ಕುಡಿಯಲೇಬೇಕು. ರಾತ್ರಿಯಿಂದ ಒಂದು ಹನಿಯೂ ಕುಡಿಯದೆ ಬಂದವರ ರಕ್ತನಾಳ ಕುಗ್ಗಿ ಕೈಗೆ ಸಿಗುವುದಿಲ್ಲ, ತಲೆ ಸುತ್ತುವ ಸಂಭವವೂ ಹೆಚ್ಚು. ಉಪವಾಸ ಬೇಕಾದ ಪರೀಕ್ಷೆಗೆ ಸಾಮಾನ್ಯವಾಗಿ 8ರಿಂದ 12 ಗಂಟೆ ಆಹಾರ ಬೇಡ. ಚಹಾ, ಕಾಫಿ, ಜ್ಯೂಸ್ ಕೂಡ ಬೇಡ. ಕೊಲೆಸ್ಟ್ರಾಲ್ ಪರೀಕ್ಷೆಗೆ ಈಗ ಎಷ್ಟೋ ಕಡೆ ಉಪವಾಸ ಕೇಳುವುದಿಲ್ಲ. ತಿಂದು ಬಂದವರನ್ನು ಬೈದು ಕಳಿಸಬೇಡಿ. ಪರೀಕ್ಷೆ ಬರೆದುಕೊಟ್ಟ ವೈದ್ಯರನ್ನು ಕೇಳಿ, ತೆಗೆಯಿರಿ ಎಂದರೆ ‘ಆಹಾರ ಸೇವಿಸಿದ್ದಾರೆ’ ಎಂದು ಬರೆದು ತೆಗೆಯಿರಿ.

ಯಾವ ರಕ್ತನಾಳ ಆರಿಸಿಕೊಳ್ಳಬೇಕು?

ಮೊಣಕೈಯ ಒಳಮಡಿಕೆಯಲ್ಲಿ ಮೂರು ಸಿಗುತ್ತವೆ. ನಡುವಿನದು ಮೀಡಿಯನ್ ಕ್ಯೂಬಿಟಲ್, ಹೆಬ್ಬೆರಳಿನ ಕಡೆಯದು ಸೆಫಾಲಿಕ್, ಕಿರುಬೆರಳಿನ ಕಡೆಯದು ಬೆಸಿಲಿಕ್. ಮೊದಲ ಆಯ್ಕೆ ನಡುವಿನದೇ: ದಪ್ಪ, ಜಾರುವುದಿಲ್ಲ, ನೋವೂ ಕಡಿಮೆ. ಬೆಸಿಲಿಕ್ ಕೊನೆಯ ಆಯ್ಕೆ. ಅದು ಎಷ್ಟೋ ಜನರಲ್ಲಿ ಚರ್ಮದ ಕೆಳಗೆ ಉಬ್ಬಿ ಎದ್ದು ಕಾಣುತ್ತದೆ, ಹೊಸಬರ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಅದರ ಪಕ್ಕದಲ್ಲೇ ಬ್ರೇಕಿಯಲ್ ಅಪಧಮನಿಯೂ ನರಗಳೂ ಹಾದುಹೋಗುತ್ತವೆ.

ಕಣ್ಣಿಗೆ ಏನೂ ಕಾಣುವುದಿಲ್ಲ. ಏನು ಮಾಡಲಿ?

ಕಣ್ಣು ಬಿಡಿ, ಬೆರಳು ನಂಬಿ. ತೋರುಬೆರಳಿನ ತುದಿಯಿಂದ ಮಡಿಕೆಯ ಅಡ್ಡಕ್ಕೆ ನಿಧಾನವಾಗಿ ಒತ್ತುತ್ತಾ ಹೋಗಿ. ರಕ್ತನಾಳ ಒತ್ತಿದಾಗ ತಗ್ಗುತ್ತದೆ, ಬಿಟ್ಟಾಗ ಪುಟಿದು ಬರುತ್ತದೆ. ಸ್ನಾಯುರಜ್ಜು ಬಿಗಿದ ಹಗ್ಗದಂತೆ, ಒತ್ತಿದರೂ ತಗ್ಗದು. ಬೆರಳಿಗೆ ಮಿಡಿತ ಸಿಕ್ಕಿದರೆ ಅದು ಅಪಧಮನಿ, ಅಲ್ಲಿಂದ ದೂರ ಸರಿಯಿರಿ. ಸಿಕ್ಕ ಮೇಲೆ ಅದು ಯಾವ ದಿಕ್ಕಿಗೆ ಓಡುತ್ತಿದೆ ಎಂಬುದನ್ನೂ ಬೆರಳಲ್ಲೇ ಹಿಡಿಯಿರಿ. ಸೂಜಿ ಹೋಗಬೇಕಾದ್ದು ಆ ದಿಕ್ಕಿಗೆ, 30 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಓರೆಯಲ್ಲಿ, ತುದಿಯ ಓರೆಮುಖ ಮೇಲಕ್ಕಿರುವಂತೆ.

ಕೈ ತಣ್ಣಗಿದ್ದರೆ ಐದು ನಿಮಿಷ ಬೆಚ್ಚಗೆ ಸುತ್ತಿಡಿ. ತೋಳನ್ನು ಸ್ವಲ್ಪ ಹೊತ್ತು ಕೆಳಕ್ಕೆ ಇಳಿಬಿಡಲು ಹೇಳಿ. ಇನ್ನೊಂದು ಕೈಯನ್ನೂ ನೋಡಿ. ‘ಯಾವಾಗಲೂ ಎಲ್ಲಿ ಸಿಗುತ್ತೆ?’ ಎಂದು ಅವರನ್ನೇ ಕೇಳಿ. ವರ್ಷಗಟ್ಟಲೆ ರಕ್ತ ಕೊಡುತ್ತಾ ಬಂದವರು ತೋರಿಸುವ ಜಾಗ ಬಹುಮಟ್ಟಿಗೆ ಸರಿಯಾಗಿರುತ್ತದೆ. ಚಪಚಪ ಎಂದು ಬಡಿಯುವುದು ಬೇಡ, ಮೆಲ್ಲಗೆ ಸವರಿದರೆ ಸಾಕು.

ವಯಸ್ಸಾದವರಲ್ಲಿ ಸಮಸ್ಯೆ ಬೇರೆ. ನಾಳ ಚೆನ್ನಾಗಿ ಕಾಣುತ್ತದೆ, ಸೂಜಿ ತಾಗಿದ ಕೂಡಲೇ ಪಕ್ಕಕ್ಕೆ ಜಾರುತ್ತದೆ. ಚುಚ್ಚುವ ಜಾಗದಿಂದ ಎರಡು ಬೆರಳು ಕೆಳಗೆ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದರೆ ಅದು ನಿಲ್ಲುತ್ತದೆ. ಹೆಬ್ಬೆರಳು ಕೆಳಗೆ ಮಾತ್ರ ಇರಲಿ. ತೋರುಬೆರಳನ್ನು ಮೇಲಿಟ್ಟು ಎರಡೂ ಕಡೆ ಎಳೆದರೆ ಸೂಜಿಯ ದಾರಿಯಲ್ಲಿ ನಿಮ್ಮ ಬೆರಳೇ ಇರುತ್ತದೆ. ಅವರ ಚರ್ಮ ತೆಳು, ಹಾಗಾಗಿ ನಾಳ ಉಬ್ಬಲೆಂದು ತೋಳಿಗೆ ಬಿಗಿಯುವ ಪಟ್ಟಿಯನ್ನು (ಟೂರ್ನಿಕೆಟ್) ಬಟ್ಟೆಯ ತೋಳಿನ ಮೇಲೆಯೇ ಕಟ್ಟಿ. ಸಣ್ಣ ನಾಳಕ್ಕೆ 23 ಗೇಜ್ ಬಟರ್‌ಫ್ಲೈ ಸೂಜಿ (ಹಿಡಿಯಲು ರೆಕ್ಕೆ, ಹಿಂದೆ ಸಣ್ಣ ಕೊಳವೆ ಇರುವುದು) ಒಳ್ಳೆಯದು. ಸಾಮಾನ್ಯ ಬಳಕೆಯ 21 ಗೇಜ್‌ಗಿಂತ ಅದು ತೆಳು. ಗೇಜ್ ಅಂಕಿ ಏರಿದಷ್ಟೂ ಸೂಜಿ ಸಣ್ಣದಾಗುತ್ತದೆ.

ಪಟ್ಟಿ ಎಷ್ಟು ಹೊತ್ತು ಕಟ್ಟಿರಬಹುದು?

ಒಂದು ನಿಮಿಷ. ಚುಚ್ಚುವ ಜಾಗದಿಂದ ನಾಲ್ಕೈದು ಬೆರಳು ಮೇಲೆ ಕಟ್ಟಿ. ಹೊತ್ತು ಮೀರಿದರೆ ನಾಳದೊಳಗಿನ ನೀರಿನಂಶ ಹೊರಗೆ ಸೋರಿ ರಕ್ತ ಅಲ್ಲೇ ಗಟ್ಟಿಯಾಗುತ್ತದೆ, ಪ್ರೋಟೀನ್, ಕ್ಯಾಲ್ಸಿಯಂ ಅಂಕಿಗಳು ಸುಳ್ಳೇ ಏರುತ್ತವೆ. ಹುಡುಕುವುದಕ್ಕೇ ನಿಮಿಷ ಆಗಿಹೋಯಿತೇ? ಬಿಚ್ಚಿ, ಎರಡು ನಿಮಿಷ ಬಿಟ್ಟು ಮತ್ತೆ ಕಟ್ಟಿ. ‘ಮುಷ್ಟಿ ಮುಚ್ಚಿ ಬಿಚ್ಚಿ ಮಾಡಿ’ ಎನ್ನುವ ಹಳೆಯ ರೂಢಿ ಬೇಡ. ಸ್ನಾಯು ಕೆಲಸ ಮಾಡಿದಷ್ಟೂ ಪೊಟ್ಯಾಸಿಯಂ ರಕ್ತಕ್ಕೆ ಬರುತ್ತದೆ. ಸುಮ್ಮನೆ ಹಿಡಿದುಕೊಂಡರೆ ಸಾಕು. ಸೂಜಿ ತೆಗೆಯುವ ಮುಂಚೆ ಪಟ್ಟಿ ಬಿಚ್ಚಿರಬೇಕು, ಇದರಲ್ಲಿ ರಾಜಿ ಇಲ್ಲ.

ಸ್ಪಿರಿಟ್ ಒರೆಸಿದ ಮೇಲೆ ಮತ್ತೆ ಮುಟ್ಟಿ ನೋಡಬಹುದೇ?

ಮುಟ್ಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ರಕ್ತ ತೆಗೆಯುವ ವಿಧಾನದ ಬಗ್ಗೆ ಹೊರತಂದ ಮಾರ್ಗದರ್ಶಿಯಲ್ಲಿ ಶೇ. 70ರ ಆಲ್ಕೋಹಾಲ್‌ನಿಂದ 30 ಸೆಕೆಂಡ್ ಒರೆಸಿ, 30 ಸೆಕೆಂಡ್ ಒಣಗಲು ಬಿಡುವಂತೆ ಹೇಳಿದೆ. ಊದಿ ಒಣಗಿಸಬೇಡಿ. ಒಣಗುವ ಮುಂಚೆ ಚುಚ್ಚಿದರೆ ಉರಿಯುತ್ತದೆ, ರೋಗಿ ಅದನ್ನು ನಿಮ್ಮ ಕೈಚಳಕದ ಖಾತೆಗೆ ಹಾಕುತ್ತಾರೆ.

ಯಾವ ಕೈಯಿಂದ ತೆಗೆಯಬಾರದು?

ಡಯಾಲಿಸಿಸ್‌ಗೆಂದು ಫಿಸ್ಟುಲಾ ಮಾಡಿದ (ಅಪಧಮನಿ, ರಕ್ತನಾಳ ಜೋಡಿಸಿದ) ಕೈ, ಸ್ತನದ ಆಪರೇಷನ್‌ನಲ್ಲಿ ಕಂಕುಳಿನ ಗ್ರಂಥಿ ತೆಗೆದಿರುವ ಕಡೆಯ ಕೈ, ಡ್ರಿಪ್ ಓಡುತ್ತಿರುವ ಕೈ, ಊದಿಕೊಂಡ ಕೈ, ಸುಟ್ಟಗಾಯ ಅಥವಾ ಸೋಂಕು ಇರುವ ಜಾಗ. ರೋಗಿ ‘ಈ ಕೈ ಬೇಡ’ ಎಂದರೆ ಕಾರಣ ಕೇಳಿ. ಕಾರಣ ಹೇಳದಿದ್ದರೂ ಆ ಕೈ ಬಿಡಿ.

ಟ್ಯೂಬ್‌ಗಳ ಕ್ರಮ ಯಾಕಷ್ಟು ಮುಖ್ಯ? ಎಲ್ಲದರಲ್ಲೂ ಅದೇ ರಕ್ತ ತಾನೇ?

ರಕ್ತ ಅದೇ, ಟ್ಯೂಬ್ ಒಳಗಿನ ಔಷಧಿ ಬೇರೆ. ಒಂದರ ತುಣುಕು ಸೂಜಿಯ ಹಿಂಬದಿಗೆ ಅಂಟಿಕೊಂಡು ಮುಂದಿನದಕ್ಕೆ ಹೋಗಬಹುದು. ಅದಕ್ಕೆ ಕ್ರಮ: ಮೊದಲು ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ನೋಡುವ) ಬಾಟಲಿ, ಆಮೇಲೆ ಸಿಟ್ರೇಟ್, ಆಮೇಲೆ ಸೀರಂ (ರಕ್ತ ಹೆಪ್ಪುಗಟ್ಟಿದಾಗ ಬೇರೆಯಾಗುವ ತಿಳಿದ್ರವ), ಹೆಪಾರಿನ್, ಇಡಿಟಿಎ, ಕೊನೆಗೆ ಫ್ಲೋರೈಡ್. ಹೆಚ್ಚು ಬಳಕೆಯಲ್ಲಿರುವ ಮುಚ್ಚಳಗಳಲ್ಲಿ ಇದು ತಿಳಿನೀಲಿ, ಕೆಂಪು ಅಥವಾ ಚಿನ್ನದ ಬಣ್ಣ, ಹಸಿರು, ನೇರಳೆ, ಬೂದು. ಆದರೆ ಎಲ್ಲ ಕಂಪನಿಗಳ ಬಣ್ಣ ಒಂದೇ ಅಲ್ಲ. ಹೊಸ ಕ್ಲಿನಿಕ್‌ಗೆ ಹೋದ ದಿನ ಬಣ್ಣದ ಮೇಲೆ ಹೋಗದೆ ಟ್ಯೂಬ್ ಮೇಲೆ ಬರೆದದ್ದನ್ನು ಓದಿ.

ಕ್ರಮ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಇಡಿಟಿಎ ಒಂದೇ ಉದಾಹರಣೆ ಸಾಕು. ನೇರಳೆ ಟ್ಯೂಬ್‌ನಲ್ಲಿರುವುದು ಇಡಿಟಿಎಯ ಪೊಟ್ಯಾಸಿಯಂ ಲವಣ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಇದರ ಸ್ವಲ್ಪ ಪಾಲು ಸೀರಂ ಟ್ಯೂಬ್‌ಗೆ ಹೋಯಿತೆನ್ನಿ. ಪೊಟ್ಯಾಸಿಯಂ ಹೃದಯ ನಿಲ್ಲುವಷ್ಟು ಏರಿದಂತೆ, ಕ್ಯಾಲ್ಸಿಯಂ ಬದುಕಿರಲು ಸಾಧ್ಯವೇ ಇಲ್ಲದಷ್ಟು ಇಳಿದಂತೆ ರಿಪೋರ್ಟ್ ಬರುತ್ತದೆ. ಆ ಹೊತ್ತಿಗೆ ರೋಗಿ ಮನೆಯಲ್ಲಿ ಆರಾಮಾಗಿರುತ್ತಾರೆ. ಇಷ್ಟು ವಿಪರೀತವಾದರೆ ಲ್ಯಾಬಿನವರು ಹಿಡಿಯುತ್ತಾರೆ. ಕೆಟ್ಟದ್ದು ಅದಲ್ಲ. ಅಂಕಿ ಸ್ವಲ್ಪವೇ ಏರಿದ್ದಾಗ ಅದು ನಿಜವೆಂದೇ ತೋರುತ್ತದೆ, ಅದರ ಮೇಲೆ ಔಷಧಿಯೂ ಬದಲಾಗಬಹುದು. ನೇರಳೆಯಿಂದ ಕೆಂಪಿಗೆ ‘ಸ್ವಲ್ಪ ಸುರಿದು ಸರಿದೂಗಿಸುವುದು’ ಯಾವ ಕಾರಣಕ್ಕೂ ಬೇಡ ಎನ್ನುವುದು ಇದಕ್ಕೇ.

ಟ್ಯೂಬ್ ಅರ್ಧ ತುಂಬಿದರೆ ನಡೆಯುತ್ತದೆಯೇ?

ತಿಳಿನೀಲಿ ಆದರೆ ಖಂಡಿತ ಇಲ್ಲ. ಅಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬ ಲೆಕ್ಕವಿದೆ. ರಕ್ತ ಕಡಿಮೆಯಾದರೆ ಹೆಪ್ಪುಗಟ್ಟುವ ಸಮಯ ಸುಳ್ಳೇ ಹೆಚ್ಚಾಗಿ ತೋರುತ್ತದೆ. ಬಟರ್‌ಫ್ಲೈ ಬಳಸುವಾಗ ಮೊದಲ ಟ್ಯೂಬ್ ಇದೇ ಆಗಿದ್ದರೆ ಕೊಳವೆಯೊಳಗಿನ ಗಾಳಿ ಟ್ಯೂಬ್‌ಗೆ ಹೋಗಿ ರಕ್ತ ಗೆರೆ ಮುಟ್ಟುವುದಿಲ್ಲ. ಅದಕ್ಕೆ ಮೊದಲು ಇನ್ನೊಂದು ಟ್ಯೂಬ್ ಹಾಕಿ ಗಾಳಿ ಕಳೆದು, ಅದನ್ನು ಎಸೆದು, ಆಮೇಲೆ ಇದನ್ನು ಹಾಕುತ್ತಾರೆ.

ನಿರ್ವಾತ ತುಂಬಿದ ಟ್ಯೂಬ್‌ನ ಉಪಾಯ ಜೋಸೆಫ್ ಕ್ಲೈನರ್ ಅವರದು, 1940ರ ದಶಕದ್ದು. ಬೇಕಾದಷ್ಟು ರಕ್ತವನ್ನು ಟ್ಯೂಬ್ ತಾನೇ ಎಳೆದುಕೊಳ್ಳುತ್ತದೆ. ಅವಧಿ ಮುಗಿದ ಟ್ಯೂಬ್‌ನಲ್ಲಿ ಆ ಎಳೆತ ಸಡಿಲವಾಗಿರಬಹುದು. ನಾಳ ಸಿಕ್ಕಿದ್ದರೂ ರಕ್ತ ಬರುತ್ತಿಲ್ಲವೆಂದರೆ, ಸೂಜಿ ಅತ್ತಿತ್ತ ಆಡಿಸುವ ಮುಂಚೆ ಟ್ಯೂಬ್ ಬದಲಿಸಿ ನೋಡಿ.

ತುಂಬಿದ ಮೇಲೆ ಕುಲುಕಬೇಕೇ?

ಕುಲುಕಬಾರದು, ಮಗುಚಬೇಕು. ತಲೆಕೆಳಗೆ ಮಾಡಿ ಮತ್ತೆ ನೇರ ಮಾಡಿದರೆ ಒಂದು ಸಲ. ಸಿಟ್ರೇಟ್ 3ರಿಂದ 4 ಸಲ, ಸೀರಂ 5 ಸಲ, ಇಡಿಟಿಎ, ಹೆಪಾರಿನ್, ಫ್ಲೋರೈಡ್ 8ರಿಂದ 10 ಸಲ. ಮಗುಚದೆ ಇಟ್ಟ ನೇರಳೆ ಟ್ಯೂಬ್‌ನಲ್ಲಿ ಸಣ್ಣ ಹೆಪ್ಪುಗಳಾಗಿ ಪ್ಲೇಟ್‌ಲೆಟ್ ಎಣಿಕೆ ಕಡಿಮೆ ಬರುತ್ತದೆ, ರೋಗಿಗೆ ಡೆಂಗಿಯೋ ಇನ್ನೇನೋ ಎಂಬ ಗಾಬರಿ. ರಭಸದಿಂದ ಕುಲುಕಿದರೆ ಕೆಂಪು ರಕ್ತಕಣ ಒಡೆಯುತ್ತದೆ.

‘ಸ್ಯಾಂಪಲ್ ಹಿಮೋಲೈಸ್ ಆಗಿದೆ, ಮತ್ತೆ ಕಳಿಸಿ’ ಎಂದು ಲ್ಯಾಬ್‌ನಿಂದ ಬರುತ್ತಲೇ ಇರುತ್ತದೆ. ಯಾಕೆ?

ಕಣ ಒಡೆದು ಒಳಗಿನದ್ದು ಸೀರಂಗೆ ಬೆರೆತಿದೆ, ತಿಳಿಹಳದಿ ಇರಬೇಕಾದ್ದು ಗುಲಾಬಿಯಾಗಿದೆ ಎಂದರ್ಥ. ಆಗ ಪೊಟ್ಯಾಸಿಯಂ, ಮತ್ತು ಕಣದೊಳಗಿನ ಕಿಣ್ವಗಳಾದ ಎಲ್‌ಡಿಎಚ್, ಎಎಸ್‌ಟಿ ಅಂಕಿಗಳನ್ನು ನಂಬುವಂತಿಲ್ಲ. ಸ್ಪಿರಿಟ್ ಒಣಗದೆ ಚುಚ್ಚಿದ್ದು, ತೀರಾ ಸಣ್ಣ ಸೂಜಿ, ಸಿರಿಂಜಿನಲ್ಲಿ ಜೋರಾಗಿ ಎಳೆದದ್ದು, ಎಳೆದದ್ದನ್ನು ಟ್ಯೂಬ್‌ಗೆ ಒತ್ತಿ ತುಂಬಿದ್ದು, ಕುಲುಕಿದ್ದು: ಸಾಮಾನ್ಯ ಕಾರಣಗಳು ಇವೇ. ಒಬ್ಬರದೇ ಸ್ಯಾಂಪಲ್‌ಗಳು ಮತ್ತೆ ಮತ್ತೆ ವಾಪಸ್ ಬರುತ್ತಿದ್ದರೆ ಅವರು ತೆಗೆಯುವಾಗ ಪಕ್ಕದಲ್ಲಿ ನಿಂತು ನೋಡುವುದು, ನೋಟಿಸ್ ಅಂಟಿಸುವುದಕ್ಕಿಂತ ಹೆಚ್ಚು ಉಪಯೋಗ.

‘ಇಷ್ಟೊಂದು ರಕ್ತ ತೆಗೀತೀರಾ?’ ಎಂದು ಕೇಳುವವರಿಗೆ ಏನು ಹೇಳಲಿ?

ನಾಲ್ಕು ಟ್ಯೂಬ್ ಸೇರಿದರೂ ಸುಮಾರು 15 ಮಿ.ಲೀ., ಅಂದರೆ ಮೂರು ಟೀ ಚಮಚ. ವಯಸ್ಕರ ಮೈಯಲ್ಲಿ ಇರುವುದು ಹತ್ತಿರ ಹತ್ತಿರ 5 ಲೀಟರ್. ಈ ಲೆಕ್ಕ ಕೇಳಿದರೆ ಹೆಚ್ಚಿನವರು ಸಮಾಧಾನವಾಗುತ್ತಾರೆ.

ಸಿಗದಿದ್ದರೆ ಎಷ್ಟು ಸಲ ಪ್ರಯತ್ನಿಸಬಹುದು?

ಎರಡು ಸಲ. ಆಮೇಲೆ ಬೇರೆಯವರನ್ನು ಕರೆಯಿರಿ. ಚುಚ್ಚಿದ ಸೂಜಿಯನ್ನು ಒಳಗೇ ತಿರುಗಿಸಿ ಹುಡುಕುವುದು ಲೆಕ್ಕಕ್ಕೆ ಒಂದೇ ಸಲ ಆದರೂ ನೋವಿಗೆ ಹತ್ತು ಸಲ. ಬೇರೆಯವರನ್ನು ಕರೆಯುವುದು ಸೋಲಲ್ಲ. ಹಟ ಹಿಡಿದು ಮೂರನೆಯ ಸಲ ಚುಚ್ಚುವವರ ಬಳಿ ಮುಂದಿನ ಸಲ ಆ ರೋಗಿ ಬರುವುದಿಲ್ಲ.

ಯಾರಾದರೂ ತಲೆಸುತ್ತಿ ಬಿದ್ದರೆ?

ಬೀಳುವ ಮುಂಚೆ ಸೂಚನೆ ಇರುತ್ತದೆ. ಅಲ್ಲಿಯವರೆಗೆ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾರೆ. ಆಕಳಿಕೆ, ಬಿಳಿಚಿದ ತುಟಿ, ಮೇಲ್ದುಟಿಯ ಮೇಲೆ ಸಣ್ಣ ಬೆವರಹನಿ. ಅದಕ್ಕೇ ತೆಗೆಯುವಾಗ ಟ್ಯೂಬನ್ನೇ ನೋಡುತ್ತಾ ಕೂರಬೇಡಿ, ಮುಖದ ಮೇಲೂ ಕಣ್ಣಿರಲಿ.

ಸೂಚನೆ ಕಂಡ ಕೂಡಲೇ ಪಟ್ಟಿ ಬಿಚ್ಚಿ, ಸೂಜಿ ತೆಗೆಯಿರಿ, ಹತ್ತಿ ಒತ್ತಿ, ಮಲಗಿಸಿ ಕಾಲು ಎತ್ತರಕ್ಕಿಡಿ. ನಾಡಿ ನಿಧಾನವಾಗಿ, ಬಿಪಿ ಇಳಿದು ಮಿದುಳಿಗೆ ರಕ್ತ ಸಾಲದೆ ಆಗುವ ಮೂರ್ಛೆ ಇದು; ಮಲಗಿಸಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಎಚ್ಚರ ಬರುತ್ತದೆ. ಕೆಲವರಿಗೆ ಕೈಕಾಲು ಕೆಲವು ಸೆಕೆಂಡ್ ಅದುರುವುದೂ ಉಂಟು. ಅದೊಂದರಿಂದಲೇ ಫಿಟ್ಸ್ ಎಂದು ತೀರ್ಮಾನಿಸಬೇಡಿ, ಆದರೆ ನೋಡಿದ್ದನ್ನು ಹಾಗೆಯೇ ನರ್ಸ್ ಅಥವಾ ವೈದ್ಯರಿಗೆ ಹೇಳಿ. ಎಚ್ಚರವಾದ ತಕ್ಷಣ ‘ಏನಿಲ್ಲ, ಹೊರಡ್ತೀನಿ’ ಎನ್ನುವವರನ್ನು ಬಿಡಬೇಡಿ. ಕಾಲು ಗಂಟೆಯಾದರೂ ಕೂತಿರಲಿ. ವಾಹನ ಓಡಿಸಿಕೊಂಡು ಬಂದಿದ್ದಾರೆಯೇ ಕೇಳಿ. ಎಚ್ಚರ ಬರುವುದು ತಡವಾದರೆ, ಎದೆನೋವು ಎಂದರೆ, ಉಸಿರಾಟ ಸರಿಯಿಲ್ಲವೆಂದರೆ ಅದು ನಮ್ಮ ಮಟ್ಟದ ವಿಷಯವಲ್ಲ, ತಕ್ಷಣ ತುರ್ತು ಸಹಾಯ ಕರೆಯಿರಿ.

‘ಹಿಂದೆ ಎಂದಾದರೂ ತಲೆ ಸುತ್ತಿತ್ತಾ?’ ಎಂದು ಪ್ರತಿಯೊಬ್ಬರನ್ನೂ ಕೇಳಿ. ಹೌದು ಎಂದರೆ ಮೊದಲೇ ಮಲಗಿಸಿ ತೆಗೆಯಿರಿ. ರಕ್ತ ಕಂಡರೆ ಹೆದರುವವರಿಗೆ ಇನ್ನೊಂದು ಉಪಾಯವಿದೆ, 1980ರ ದಶಕದಲ್ಲಿ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ ರೂಪಿಸಿದ್ದು. ಕಾಲು, ಹೊಟ್ಟೆ ಮತ್ತು ರಕ್ತ ತೆಗೆಯದ ಕೈಯ ಸ್ನಾಯುಗಳನ್ನು 10ರಿಂದ 15 ಸೆಕೆಂಡ್ ಬಿಗಿಹಿಡಿದು, ಅರ್ಧ ನಿಮಿಷ ಸಡಿಲಿಸಿ, ಮತ್ತೆ ಬಿಗಿಹಿಡಿಯಬೇಕು. ಬಿಪಿ ಇಳಿಯದಂತೆ ಅದು ತಡೆಯುತ್ತದೆ. ಬೇರೆ ಭಯಗಳಿಗೆ ‘ಮೈ ಸಡಿಲ ಬಿಡಿ’ ಎನ್ನುವುದು ಸರಿ, ಈ ಭಯಕ್ಕೆ ಅದು ಉಲ್ಟಾ ಹೊಡೆಯುತ್ತದೆ.

ಚುಚ್ಚಿದಾಗ ರೋಗಿ ‘ಕರೆಂಟ್ ಹೊಡೆದಂತಾಯಿತು’ ಎಂದರೆ?

ಸೂಜಿ ನರಕ್ಕೆ ತಾಗಿರಬಹುದು. ಆ ಕ್ಷಣವೇ ತೆಗೆದುಬಿಡಿ. ‘ಇನ್ನೊಂದೇ ಟ್ಯೂಬ್’ ಎನ್ನಬೇಡಿ. ಬೆರಳು ಜೋಮು ಹಿಡಿದಿದೆಯೇ ಕೇಳಿ, ದಾಖಲಿಸಿ, ಮೇಲಿನವರಿಗೆ ತಿಳಿಸಿ. ರಕ್ತ ಕಡುಗೆಂಪಾಗಿರದೆ ತಿಳಿಗೆಂಪಾಗಿ, ಮಿಡಿಯುತ್ತಾ ಬಂದರೆ ಅಪಧಮನಿಗೆ ಹೋಗಿದೆ. ಸೂಜಿ ತೆಗೆದು ಕನಿಷ್ಠ ಐದು ನಿಮಿಷ ನೀವೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ವೈದ್ಯರನ್ನು ಕರೆಯಿರಿ.

ಮರುದಿನ ಕೈ ನೀಲಿಗಟ್ಟಿತು ಎಂದು ದೂರು ಬರುತ್ತದೆ.

ಬಹಳ ಸಲ ಕಾರಣ, ಹತ್ತಿ ಇಟ್ಟು ಕೈ ಮಡಚಿಕೊಂಡದ್ದು. ಮಡಚಿದರೆ ಒತ್ತಡ ಸರಿಯಾದ ಜಾಗಕ್ಕೆ ಬೀಳುವುದಿಲ್ಲ. ಕೈ ನೇರ ಇಟ್ಟು ಎರಡು ಮೂರು ನಿಮಿಷ ಒತ್ತಿಸಬೇಕು, ಉಜ್ಜಬಾರದು. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಾದರೆ ಐದು ನಿಮಿಷವಾದರೂ ಬೇಕು. ಪ್ಲಾಸ್ಟರ್ ಹಾಕುವ ಮುಂಚೆ ಹತ್ತಿ ಎತ್ತಿ ನೋಡಿ.

ಸ್ಯಾಂಪಲ್ ಒಯ್ಯುವವರು ಮಧ್ಯಾಹ್ನ ಬರುತ್ತಾರೆ. ಅಲ್ಲಿಯವರೆಗೆ ಫ್ರಿಜ್‌ನಲ್ಲಿ ಇಡಲೇ?

ಸಮುದಾಯ ಕ್ಲಿನಿಕ್‌ಗೆ ಇದೇ ದೊಡ್ಡ ತಲೆನೋವು. ಆಸ್ಪತ್ರೆಯಲ್ಲಾದರೆ ಲ್ಯಾಬ್ ಅದೇ ಕಟ್ಟಡದಲ್ಲಿರುತ್ತದೆ, ನಮ್ಮ ಸ್ಯಾಂಪಲ್ ಗಂಟೆಗಟ್ಟಲೆ ಕಾಯುತ್ತದೆ. ಟ್ಯೂಬ್ ಒಳಗಿನ ಕಣಗಳು ಆಗಲೂ ಬದುಕಿಯೇ ಇರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಸಾದಾ ಟ್ಯೂಬ್‌ನಲ್ಲಿ ಗ್ಲೂಕೋಸ್ ಗಂಟೆಗೆ ಶೇ. 5ರಿಂದ 7ರಷ್ಟು ಇಳಿಯುತ್ತದೆ. ಮೂರು ಗಂಟೆ ಮೇಜಿನ ಮೇಲೆ ಕೂತ ಟ್ಯೂಬ್, ಮಧುಮೇಹ ಇರುವವರನ್ನು ಇಲ್ಲ ಎನ್ನಿಸಬಲ್ಲದು. ಫ್ಲೋರೈಡ್ ಟ್ಯೂಬ್ ಇರುವುದು ಇದನ್ನು ತಡೆಯಲು. ಅದು ಕೂಡ ಪೂರ್ತಿ ಹಿಡಿತಕ್ಕೆ ಬರಲು ಒಂದೆರಡು ಗಂಟೆ ಬೇಕು, ಹಾಗಾಗಿ ಮೊದಲ ಹೊತ್ತಿನಲ್ಲಿ ಸ್ವಲ್ಪ ಇಳಿದೇ ಇಳಿಯುತ್ತದೆ.

ಹಾಗಾದರೆ ಎಲ್ಲವನ್ನೂ ತಣ್ಣಗಿಟ್ಟರಾಯಿತು ಎನಿಸುತ್ತದೆ. ಅಲ್ಲೇ ಎಡವುವುದು. ಕಣದೊಳಗೆ ಪೊಟ್ಯಾಸಿಯಂ ಅನ್ನು ಹಿಡಿದಿಡುವ ಪಂಪ್ ತಣ್ಣಗಾದರೆ ಕೆಲಸ ನಿಲ್ಲಿಸುತ್ತದೆ. ಪೊಟ್ಯಾಸಿಯಂ ಹೊರಗೆ ಸೋರಿ, ಚಳಿಗಾಲದಲ್ಲಿ ದೂರದ ಕ್ಲಿನಿಕ್‌ಗಳಿಂದ ಬಂದ ರಿಪೋರ್ಟುಗಳಲ್ಲಿ ಅಂಕಿ ಸುಮ್ಮನೆ ಏರುತ್ತದೆ. ಕಡುಬೇಸಿಗೆಯಲ್ಲಿ ಇದರ ವಿರುದ್ಧವೂ ಆಗುತ್ತದೆ. ಆದ್ದರಿಂದ ಪೊಟ್ಯಾಸಿಯಂ ಕೇಳಿರುವ ಸೀರಂ ಟ್ಯೂಬನ್ನು ಸೆಂಟ್ರಿಫ್ಯೂಜ್ ಮಾಡುವ (ಯಂತ್ರದಲ್ಲಿ ವೇಗವಾಗಿ ತಿರುಗಿಸುವ) ಮುಂಚೆ ಫ್ರಿಜ್‌ಗೆ ಇಡಬೇಡಿ. ಕ್ಲಿನಿಕ್‌ನಲ್ಲೇ ಯಂತ್ರ ಇದ್ದರೆ ಅರ್ಧ ಗಂಟೆ ನೇರವಾಗಿ ನಿಲ್ಲಿಸಿ ಹೆಪ್ಪುಗಟ್ಟಲು ಬಿಟ್ಟು, ಎರಡು ಗಂಟೆಯೊಳಗೆ ತಿರುಗಿಸಿ ಸೀರಂ ಬೇರ್ಪಡಿಸಿ. ಯಂತ್ರ ಇಲ್ಲದಿದ್ದರೆ ಕೋಣೆಯ ಉಷ್ಣತೆಯಲ್ಲಿಟ್ಟು, ಅಂಥ ಪರೀಕ್ಷೆಯವರಿಗೆ ವಾಹನ ಬರುವುದಕ್ಕೆ ಹತ್ತಿರದ ಸಮಯ ಕೊಡಿ. ಅಪಾಯಿಂಟ್‌ಮೆಂಟ್ ಬರೆಯುವವರ ಜೊತೆ ಒಂದು ಸಲ ಕೂತು ಮಾತಾಡಿದರೆ ಎಷ್ಟೋ ಮರುಪರೀಕ್ಷೆ ತಪ್ಪುತ್ತದೆ. ಕಾಮಾಲೆಗೆ ನೋಡುವ ಬಿಲಿರುಬಿನ್‌ಗೆ ಬೆಳಕು ಆಗದು, ಕಿಟಕಿಯ ಬಿಸಿಲಲ್ಲಿ ಇಡಬೇಡಿ.

ನನಗೇ ಸೂಜಿ ಚುಚ್ಚಿಕೊಂಡರೆ?

ಹರಿಯುವ ನೀರು, ಸೋಪಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬಾಯಲ್ಲಿ ಹೀರಬೇಡಿ, ಬ್ಲೀಚ್ ಹಾಕಬೇಡಿ. ತಕ್ಷಣ ವರದಿ ಮಾಡಿ. ಸಂಜೆ ಹೇಳೋಣ ಎಂದಿಟ್ಟುಕೊಳ್ಳಬೇಡಿ. ಎಚ್‌ಐವಿ ತಡೆಯುವ ಔಷಧಿಯನ್ನು ಆದಷ್ಟು ಬೇಗ, ಕೆಲವೇ ಗಂಟೆಗಳಲ್ಲಿ ಶುರು ಮಾಡಿದರೆ ಒಳ್ಳೆಯದು. 72 ಗಂಟೆ ಕೊನೆಯ ಗಡುವು, ಕೋರ್ಸ್ 28 ದಿನ.

ಭಯಕ್ಕೆ ಅಳತೆ ಇರಲಿ. ಸೋಂಕಿರುವ ವ್ಯಕ್ತಿಗೆ ಬಳಸಿದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಂಭವ ಸುಮಾರು ಶೇ. 0.3, ಹೆಪಟೈಟಿಸ್ ಸಿ ಶೇ. 2ಕ್ಕಿಂತ ಕಡಿಮೆ. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ಮಾತ್ರ ಶೇ. 6ರಿಂದ 30. ಎಲ್ಲರೂ ಹೆದರುವುದು ಮೊದಲನೆಯದಕ್ಕೆ, ಹೆಚ್ಚು ಸುಲಭವಾಗಿ ಅಂಟುವುದು ಕೊನೆಯದು, ಲಸಿಕೆ ಇರುವುದೂ ಅದಕ್ಕೇ. ಕೆಲಸಕ್ಕೆ ಸೇರುವಾಗಲೇ 0, 1, 6 ತಿಂಗಳ ಮೂರು ಡೋಸ್ ಮುಗಿಸಿ, ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಪ್ರತಿಕಾಯ ಪರೀಕ್ಷೆಯನ್ನೂ ಮಾಡಿಸಿ. ಕೆಲವರ ಮೈ ಲಸಿಕೆಗೆ ಸ್ಪಂದಿಸಿರುವುದಿಲ್ಲ.

ಚುಚ್ಚಿಕೊಳ್ಳದಿರಲು: ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ಕೈಯಿಂದ ಕೈಗೆ ಕೊಡಬೇಡಿ, ಡಬ್ಬಿ ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿ ಹೊಸದು ಇಡಿ. ತುಂಬಿದ ಡಬ್ಬಿಗೆ ಒತ್ತಿ ತುರುಕುವುದನ್ನು ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಗ್ಲೌಸ್ ಹಾಕಿದರೆ ನಾಳ ಸಿಗುವುದಿಲ್ಲ. ಬೆರಳಿನ ತುದಿ ಕತ್ತರಿಸಿ ಹಾಕಬಹುದೇ?

ಇಲ್ಲ. ಅಳತೆ ಸರಿಯಾದ ಗ್ಲೌಸ್ ಕೇಳಿ ಪಡೆಯಿರಿ. ದೊಡ್ಡ ಗ್ಲೌಸ್ ಹಾಕಿ ಸ್ಪರ್ಶ ಗೊತ್ತಾಗುವುದಿಲ್ಲ ಎನ್ನುವವರೇ ಹೆಚ್ಚು. ಒಬ್ಬರಿಗೆ ಒಂದು ಜೊತೆ, ತೆಗೆದ ಮೇಲೆ ಕೈ ತೊಳೆಯುವುದು ತಪ್ಪದು.

‘ರಿಪೋರ್ಟ್ ಬಂತಾ? ನನಗೆ ಏನಾಗಿದೆ?’ ಎಂದು ಕೇಳಿದರೆ ಹೇಳಬಹುದೇ?

ಹೇಳಬಾರದು, ಗೊತ್ತಿದ್ದರೂ. ಅಂಕಿಯನ್ನು ಬಿಡಿಸಿ ಹೇಳುವುದು ಪರೀಕ್ಷೆ ಬರೆದವರ ಕೆಲಸ. ‘ಯಾವಾಗ ಬರುತ್ತದೆ, ಯಾರನ್ನು ಕೇಳಬೇಕು’ ಎಂಬುದನ್ನು ಸರಿಯಾಗಿ ಹೇಳಿ, ಅಷ್ಟಕ್ಕೇ ಅರ್ಧ ಆತಂಕ ಇಳಿಯುತ್ತದೆ. ಫಾರಂ ಮೇಲಿನ ಪರೀಕ್ಷೆಯ ಹೆಸರನ್ನು ಬಾಗಿಲು ತೆರೆದಿಟ್ಟು ಜೋರಾಗಿ ಓದಬೇಡಿ. ನೆರೆಹೊರೆಯವರೇ ಹೊರಗೆ ಕೂತಿರುತ್ತಾರೆ.

ಕೊನೆ ಕ್ಷಣದಲ್ಲಿ ‘ಬೇಡ’ ಎಂದರೆ?

ಬೇಡ ಎಂದರೆ ಬೇಡ. ತೋಳು ಚಾಚಿದ್ದು ಒಪ್ಪಿಗೆಯಾದರೆ ಹಿಂದೆಳೆದುಕೊಂಡದ್ದು ನಿರಾಕರಣೆ. ಜೊತೆಗೆ ಬಂದ ಮಗನೋ ಹೆಂಡತಿಯೋ ‘ನೀವು ತೆಗೀರಿ, ನಾನು ಹಿಡ್ಕೋತೀನಿ’ ಎಂದರೂ ತೆಗೆಯುವಂತಿಲ್ಲ. ಕಾರಣ ಕೇಳಿ, ಇನ್ನೊಂದು ದಿನಕ್ಕೆ ಸಮಯ ಕೊಡಿ, ಪರೀಕ್ಷೆ ಬರೆದವರಿಗೆ ತಿಳಿಸಿ.

ಬೆನ್ನುನೋವು ಬರುತ್ತದಂತೆ, ನಿಜವೇ?

ಬಗ್ಗಿ ನಿಂತು ತೆಗೆದರೆ ಬಂದೇ ಬರುತ್ತದೆ. ರೋಗಿಯ ಕುರ್ಚಿ ಎತ್ತರಿಸಿ, ತೋಳಿನ ಕೆಳಗೆ ದಿಂಬಿಡಿ, ನೀವೂ ಕೂತೇ ತೆಗೆಯಿರಿ.

ಮಕ್ಕಳ ರಕ್ತವನ್ನೂ ತೆಗೆಯಬೇಕಾಗುತ್ತದೆಯೇ?

ಅದಕ್ಕೆ ಬೇರೆ ತರಬೇತಿ, ಬೇರೆ ಸಹಿ. ಎಳೆಮಗುವಿಗೆ ತೆಗೆಯಬಹುದಾದ ರಕ್ತದ ಪ್ರಮಾಣವನ್ನು ತೂಕದ ಮೇಲೆ ಲೆಕ್ಕ ಹಾಕುತ್ತಾರೆ, ಮಗುವನ್ನು ಹಿಡಿಯಲು ಇನ್ನೊಬ್ಬ ನುರಿತವರು ಬೇಕು. ತರಬೇತಿ ಆಗುವವರೆಗೆ ಅಂಥ ಫಾರಂ ನಿಮ್ಮ ಮೇಜಿಗೆ ಬಂದರೆ ನರ್ಸ್‌ಗೆ ಕೊಟ್ಟುಬಿಡಿ, ಜನ ಎಷ್ಟೇ ಇದ್ದರೂ.